ಅಳಿವೆಯ ಕೆಸರಲ್ಲಿ ಒಂದು ಯವನ ಪದ

ಎಳೆದರೆ ಬಿಗಿಯುತ್ತದೆ, ಬಡಿದಾಡಿದರೆ ನುಂಗುತ್ತದೆ, ತಪ್ಪು ವ್ಯಾಕರಣ ಹೇಳಿದರೆ ಬಿಟ್ಟುಬಿಡುತ್ತದೆ. ಏನದು?

ತಲೆ ಕೆರೆದುಕೊಳ್ಳಬೇಡಿ, ಸಿಗುವುದಿಲ್ಲ. ನಾಗಾರ್ಯರ ಆಶ್ರಮದಲ್ಲಿ ಅಷ್ಟು ಜನ ಪಂಡಿತರಾಗಲು ಹೊರಟವರಿದ್ದರು, ಒಬ್ಬರಿಗೂ ಸಿಗುತ್ತಿರಲಿಲ್ಲ. ಅವರ ತಪ್ಪಲ್ಲ. ಆಗಿನ್ನೂ ಆ ಒಗಟು ಹುಟ್ಟಿರಲಿಲ್ಲ.

ಆಶ್ರಮ ಇದ್ದದ್ದು ನದಿ ಸಮುದ್ರಕ್ಕೆ ಸೇರುವ ಅಳಿವೆಯ ದಂಡೆಯಲ್ಲಿ. ಪಡುವಣದಿಂದ ಯವನರ, ಅಂದರೆ ಗ್ರೀಕರ, ಹಡಗುಗಳು ಬರುತ್ತಿದ್ದವು, ಮೆಣಸು ತುಂಬಿಕೊಂಡು ಹೋಗುತ್ತಿದ್ದವು. ಹೋಗುವಾಗ ದಂಡೆಯ ಮೇಲೆ ಒಂದೆರಡು ಪದ ಉದುರಿಸಿ ಹೋಗುತ್ತಿದ್ದವು. ಉದುರಿದ ಮೆಣಸನ್ನು ಹೆಕ್ಕಲು ಊರಿಗೆ ಊರೇ ಬರುತ್ತಿತ್ತು. ಪದ ಹೆಕ್ಕಲು ನಾಗಾರ್ಯರೊಬ್ಬರೇ.

ಅವರ ಶಿಷ್ಯರಲ್ಲಿ ಕೇತ ಎಂಬವನೊಬ್ಬನಿದ್ದ. ವಿದ್ಯೆ ಅವನ ಹತ್ತಿರ ಬರುತ್ತಲೇ ಇರಲಿಲ್ಲ ಎನ್ನುವಂತಿಲ್ಲ. ಬರುತ್ತಿತ್ತು, ಜಗಲಿಯ ಮೇಲೆ ಕೂತ ನೆಂಟರ ಹಾಗೆ ಎಲೆಯಡಿಕೆ ಹಾಕಿಕೊಂಡು ಎದ್ದು ಹೋಗುತ್ತಿತ್ತು. ಮನೆಯವರಂತೆ ಒಳಗೇ ಉಳಿದದ್ದು ತುಂಟತನ ಮಾತ್ರ.

ಓದು ಹತ್ತದ ಶಿಷ್ಯನನ್ನು ನಾಗಾರ್ಯರು ಸುಮ್ಮನೆ ಮನೆಗೆ ಅಟ್ಟುತ್ತಿರಲಿಲ್ಲ. ಒಂದೇ ಒಂದು ಪದ ಕೊಡುತ್ತಿದ್ದರು. ಅದರ ಅರ್ಥವನ್ನು ಬಾಯಲ್ಲಿ ಹೇಳುವಂತಿಲ್ಲ, ಮಾಡಿ ತೋರಿಸಬೇಕು. ತೋರಿಸಿದರೆ ಇರಬಹುದು. ಇಲ್ಲದಿದ್ದರೆ ಗಂಟು ಕಟ್ಟಬೇಕು.

ಕೇತ ಗಂಟು ಕಟ್ಟಿದರೆ ಹೋಗಬೇಕಾದದ್ದು ಸೋದರಮಾವನ ಉಪ್ಪಿನ ಆಗರಕ್ಕೆ. ಮಾವ ಕೆಟ್ಟವನಲ್ಲ. ಆದರೆ ಆಗರದಲ್ಲಿ ಬೆಳಗಿನಿಂದ ಬೈಗಿನವರೆಗೆ ಬಿಳಿ ಬಿಸಿಲು, ಬಿಳಿ ಉಪ್ಪು. ಮಾತಾಡಿದರೆ ತುಟಿ ಒಡೆಯುತ್ತದೆಂದು ಅಲ್ಲಿ ಯಾರೂ ಮಾತೇ ಆಡುವುದಿಲ್ಲ. ಅಂಥ ಕಡೆ ಕೇತನನ್ನು ಬಿಡುವುದೂ ಕಪ್ಪೆಯನ್ನು ಒಲೆಯ ಮೇಲೆ ಸಾಕುವುದೂ ಒಂದೇ.

ಇನ್ನೊಂದು ಸಂಗತಿಯಿತ್ತು. ಸಂಜೆ ಗುರುಗಳು ಪದಗಳ ವಿಚಾರ ಮಾತಾಡುವಾಗ ಕೇತ ಕಂಬದ ಹಿಂದೆ ಕೂತು ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಯಾರಾದರೂ ಅತ್ತ ನೋಡಿದರೆ ಆಕಳಿಸುತ್ತಿದ್ದ. ತುಂಟನಿಗೂ ಒಂದು ಮರ್ಯಾದೆ ಇರುತ್ತದಲ್ಲ.

ಮಳೆ ಹಿಂದಾದ ಒಂದು ದಿನ ಗುರುಗಳು ಅವನನ್ನು ಕರೆದರು.

"ನಿನ್ನ ಪದ ಮೇತಿಸ್. ಯವನರದ್ದು."

"ಅದರ ಅರ್ಥ ಏನು ಗುರುಗಳೇ? ಬುದ್ಧಿಯೇ?"

"ಬುದ್ಧಿಯ ಪಕ್ಕದ ಮನೆ."

"ಉಪಾಯ?"

"ಅದೂ ಅದೇ ಕೇರಿ."

"ಕಪಟ?"

"ಆ ಮನೆಗೂ ಇವಳು ಹೋಗಿಬಂದು ಮಾಡುತ್ತಾಳೆ. ರಾತ್ರಿ ಉಳಿಯುವುದಿಲ್ಲ."

ಆಮೇಲೆ ಗುರುಗಳು ವಿವರಿಸಿದರು. ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿದವನಿಗೆ ಇರುವುದು ಮೇತಿಸ್. ಗಂಟು ಗಂಟಾದ ಮರವನ್ನು ಸೀಳುವ ಬಡಗಿಗೆ ಇರುವುದೂ ಅದೇ. ನರಿಗೆ ಇದೆ, ಕಲ್ಲಿನ ಬಣ್ಣಕ್ಕೆ ಬಣ್ಣ ತಿರುಗಿಸಿಕೊಂಡು ಕೂರುವ ಎಂಟು ಕೈಗಳ ಕಡಲಜೀವಿಗೂ ಇದೆ. ನಮ್ಮ 'ಮಿತಿ', 'ಮಾನ' ಎಂಬ ಮಾತುಗಳ ಮೂಲದಲ್ಲಿ ಅಳೆಯುವುದು ಇದೆಯಲ್ಲ, ಇದರ ಬೇರೂ ಅಲ್ಲೇ ಎಲ್ಲೋ ಹೋಗಿ ಸೇರುತ್ತದೆ. ಬಲ ಕಡಿಮೆಯಿದ್ದವನು ಹೊತ್ತನ್ನೂ ಎದುರಿನ ವಸ್ತುವನ್ನೂ ಅಳೆದು ಗೆಲ್ಲುವುದು, ಹಾಗೆಂದುಕೋ. ಮತ್ತೆ, ಪದ ಸ್ತ್ರೀಲಿಂಗ.

ಸ್ತ್ರೀಲಿಂಗ ಏಕೆ ಎಂದು ಕೇತ ಕೇಳಿದ. ನೀರಿಗೆ ಬರುವ ಹೆಂಗಸರನ್ನು ಕೇಳು ಎಂದರು ಗುರುಗಳು. ಕೇತ ಹೋಗಿ ಕೇಳಿದ. ಪ್ರಶ್ನೆ ಕೇಳಿದ ಧಾಟಿಯಲ್ಲೇ ಏನೋ ಎಡವಟ್ಟಾಗಿರಬೇಕು, ತಲೆಯ ಮೇಲೆ ಒಂದು ಕೊಡ ನೀರು ಬಿತ್ತು.

ನೀರು ಒರೆಸಿಕೊಳ್ಳುತ್ತಲೇ ಅವನಿಗೆ ಖುಷಿ. ಲೋಕದ ಅಷ್ಟು ಪದಗಳಲ್ಲಿ ತನಗಾಗಿಯೇ ಹೇಳಿ ಮಾಡಿಸಿದ ಪದ ಸಿಕ್ಕಿದೆ. ತೋರಿಸುವುದೇನು ಮಹಾ.

ಮಾರನೆಯ ಬೆಳಿಗ್ಗೆ ಗುರುಗಳ ಪಾದುಕೆ ಕಾಣಲಿಲ್ಲ. ಪಾದುಕೆಯ ಗುರುತು ಮಾತ್ರ ಮರಳಿನ ಮೇಲೆ ನೇರ ನದಿಗೆ ಇಳಿದಿತ್ತು. ದೋಣಿಯವನು ಬಂದು ಆಚೆ ದಂಡೆಯಲ್ಲೂ ಅದೇ ಗುರುತು ನೀರಿನಿಂದ ಎದ್ದು ಹೋಗಿದೆ ಎಂದ. ಗುರುಗಳು ನದಿಯನ್ನು ನಡೆದೇ ದಾಟಿದ್ದಾರೆ ಎಂದು ಶಿಷ್ಯರೆಲ್ಲ ಮರಳಿನ ಮೇಲೆ ಅಡ್ಡಬಿದ್ದರು. ಕೆಲವರ ಕಣ್ಣಲ್ಲಿ ನೀರೂ ಬಂತು.

ಅಷ್ಟರಲ್ಲಿ ಗುರುಗಳು ಕೊಟ್ಟಿಗೆಯ ಹಿಂದಿನಿಂದ ಬರಿಗಾಲಲ್ಲಿ, ಕೈಯಲ್ಲಿ ಚೊಂಬು ಹಿಡಿದು ಬಂದರು.

ಯಾರ ಕೆಲಸವೆಂದು ಅವರು ಕೇಳಲಿಲ್ಲ. ಕೇತನನ್ನು ಪಕ್ಕಕ್ಕೆ ಕರೆದು, ಯವನರಲ್ಲಿ ಇದಕ್ಕೆ ಬೇರೆ ಪದವಿದೆ ಎಂದರು. ದೋಲೋಸ್. ಮೋಸ ಎಂದು ಅರ್ಥ. ಗಾಳಕ್ಕೆ ಸಿಕ್ಕಿಸುವ ಎರೆಗೂ ಹಿಂದೆ ಅದೇ ಹೆಸರು.

"ಎರೆ ಚೆನ್ನಾಗಿ ಸಿಕ್ಕಿಸಿದ್ದೀಯ. ಮೀನು ಎಲ್ಲಿ?"

"ಎಲ್ಲರೂ ಬಿದ್ದರಲ್ಲ ಗುರುಗಳೇ."

"ಬಿದ್ದವರು ಎದ್ದು ಹೋದರು. ನಿನ್ನ ಬುಟ್ಟಿಯಲ್ಲಿ ಏನಿದೆ?"

ಬುಟ್ಟಿಯಲ್ಲಿ ಏನೂ ಇರಲಿಲ್ಲ.

ಆಮೇಲೆ ಗುರುಗಳು ಅವನನ್ನು ದೋಣಿಯಲ್ಲಿ ಅಳಿವೆಯ ಬಾಯಿಗೆ ಕರೆದೊಯ್ದರು. ಚುಕ್ಕಾಣಿ ಅವನ ಕೈಗೆ ಕೊಟ್ಟರು. ಕೇತ ಬಂದ ಬಂದ ಅಲೆಯ ಜೊತೆಗೆಲ್ಲ ಜಗಳಕ್ಕೆ ನಿಂತ. ದೋಣಿ ಎಣ್ಣೆಗಾಣದ ಎತ್ತಿನಂತೆ ಸುತ್ತಿತು. ಗುರುಗಳು ಚುಕ್ಕಾಣಿ ತೆಗೆದುಕೊಂಡು, ಬಹಳ ಹೊತ್ತು ಏನೂ ಮಾಡದೆ ಕೂತು, ಒಂದು ಸಲ ಮಣಿಕಟ್ಟು ತಿರುಗಿಸಿದರು. ದೋಣಿ ಅಲೆಯ ಬೆನ್ನೇರಿ ಆಚೆ ಇಳಿಯಿತು.

"ಏನು ಮಾಡಿದಿರಿ?"

"ಯಾವಾಗ ಮಾಡಬಾರದು ಎಂದು ನೋಡುತ್ತಿದ್ದೆ."

ಕೇತನಿಗೆ ಈ ಮಾತು ಬಹಳ ಹಿಡಿಸಿತು. ಮರುದಿನದಿಂದ ಸೌದೆ ಒಡೆಯೋ ಎಂದರೆ, ಯಾವಾಗ ಒಡೆಯಬಾರದು ಎಂದು ನೋಡುತ್ತಿದ್ದೇನೆ ಎಂದ. ದನ ಕಟ್ಟೋ ಎಂದರೂ ಅದೇ ಉತ್ತರ. ದನ ಹೋಗಿ ಊರವರ ಸೌತೆಬಳ್ಳಿ ತಿಂದು ಬಂತು. ಊಟಕ್ಕೆ ಕೂತಾಗ ಗುರುಗಳು ಸೌಟು ಹಿಡಿದು ಅವನ ಎಲೆಯ ಮುಂದೆ ಸುಮ್ಮನೆ ನಿಂತರು. ಪಕ್ಕದವನು ಎರಡನೆಯ ಸಲ ಬಡಿಸಿಕೊಂಡ. ಗುರುಗಳು ನಿಂತೇ ಇದ್ದರು. ಏನು ನೋಡುತ್ತಿದ್ದಾರೆಂದು ಕೇತ ಕೇಳಲಿಲ್ಲ. ಎದ್ದು ಹೋಗಿ ಸೌದೆ ಒಡೆದ.

ಹೀಗೆ ದಿನ ಕಳೆದವು. ಬಿಸಿಲು ಗಟ್ಟಿಯಾಯಿತು, ಆಗರದ ಕೆಲಸ ಶುರುವಾಗುವ ಕಾಲ ಬಂತು. ಇಂದು ಸಂಜೆ ಬಂದು ಕರೆದೊಯ್ಯುತ್ತೇನೆ ಎಂದು ಮಾವ ಹೇಳಿ ಕಳಿಸಿದ. ಕೇತ ಆ ಬೆಳಿಗ್ಗೆ ಯಾರನ್ನೂ ಗೋಳು ಹುಯ್ದುಕೊಳ್ಳಲಿಲ್ಲ. ಇವನಿಗೆ ಜ್ವರ ಬಂದಿದೆಯೋ ಏನೋ ಎಂದು ಕೆಲವರು ಹಣೆ ಮುಟ್ಟಿ ನೋಡಿದರು.

ಅಂದು ಚಿಪ್ಪು ಹೆಕ್ಕುವ ದಿನ. ಸುಣ್ಣ ಸುಡುವುದಕ್ಕೆ ಶಿಷ್ಯರು ಇಳಿತದ ಹೊತ್ತಿನಲ್ಲಿ ಕೆಸರಿನ ಬಯಲಿಗೆ ಇಳಿಯುತ್ತಿದ್ದರು. ಚಿಪ್ಪುಗಳನ್ನು ಅಗಲದ ಹಲಗೆಯ ಮೇಲೆ ಹೇರಿ, ಕೆಸರಿನ ಮೇಲೆ ಜಾರಿಸಿಕೊಂಡು ತರುತ್ತಿದ್ದರು. ಅಲ್ಲಿ ಒಂದೇ ನಿಯಮ: ಕಾಲು ನಿಲ್ಲಬಾರದು. ನಡೆಯುವವನನ್ನು ಕೆಸರು ಹೊರುತ್ತದೆ, ನಿಂತವನನ್ನು ಇಟ್ಟುಕೊಳ್ಳುತ್ತದೆ.

ಆಶ್ರಮದಲ್ಲಿ ಇನ್ನೊಂದು ನಿಯಮವಿತ್ತು. ಪದದ ವಿಭಕ್ತಿರೂಪಗಳನ್ನು ಒಪ್ಪಿಸುವಾಗ ನಿಂತಲ್ಲೇ ನಿಲ್ಲಬೇಕು. ಹೆಬ್ಬೆರಳು ಮಾತ್ರ ತಾಳ ಹಾಕಬೇಕು, ಒಂದು ರೂಪಕ್ಕೆ ಎಡಗಾಲು, ಇನ್ನೊಂದಕ್ಕೆ ಬಲಗಾಲು. ಶುರು ಮಾಡಿದ್ದನ್ನು ಮುಗಿಸದೆ ಕದಲಬಾರದು. ಯಾರ ತಪ್ಪೇ ಕಿವಿಗೆ ಬಿದ್ದರೂ ತಿದ್ದಿ, ಮತ್ತೆ ಮೊದಲಿನಿಂದ.

ಈ ಎರಡು ನಿಯಮಗಳೂ ಒಬ್ಬನ ಮೇಲೆಯೇ ಒಟ್ಟಿಗೆ ಬಿದ್ದರೆ ಏನಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ. ಬಿದ್ದದ್ದು ಸೋಮಿಲನ ಮೇಲೆ.

ಸೋಮಿಲ ಆಶ್ರಮದ ಮೊದಲ ಶಿಷ್ಯ. ನಿದ್ದೆಯಲ್ಲೂ ದೀರ್ಘ ಇರುವಲ್ಲಿ ದೀರ್ಘವಾಗಿಯೇ ಗೊರಕೆ ಹೊಡೆಯುವವನು. ಕೇತನಿಗೆ ಸಿಕ್ಕ ಪದವನ್ನು ಅವನೂ ಕಲಿತಿದ್ದ. ಕಲಿತ ಮೇಲೆ ನೆಮ್ಮದಿ ಹೋಗಿತ್ತು. ನಮ್ಮಲ್ಲಿ ಏಳು ವಿಭಕ್ತಿ, ಮೇಲೊಂದು ಸಂಬೋಧನೆ, ಎಂಟು ಮನೆ. ಯವನರು ಐದರಲ್ಲೇ ಮುಗಿಸಿ ಮೂರು ಮನೆ ಖಾಲಿ ಬಿಟ್ಟಿದ್ದಾರೆ. ಖಾಲಿ ಮನೆ ನೆನಪಾದಾಗಲೆಲ್ಲ ಸೋಮಿಲ ರೂಪಗಳನ್ನು ಮೊದಲಿನಿಂದ ಒಪ್ಪಿಸಿ ನೋಡುತ್ತಿದ್ದ. ಆ ದಿನ ಕೆಸರಿನ ನಡುವೆ ಅದು ನೆನಪಾಯಿತು. ನಿಂತು ಒಪ್ಪಿಸತೊಡಗಿದ.

ಮುಗಿಸಿ ಕಣ್ಣು ಬಿಟ್ಟಾಗ ಕೆಸರು ತೊಡೆಗೆ ಬಂದಿತ್ತು. ಭರತವೂ ಶುರುವಾಗಿ ಕಡಲ ನೀರು ಏರತೊಡಗಿತ್ತು.

ಆಶ್ರಮದ ಇಬ್ಬರು ಗಟ್ಟಿಗರು, ಅಣ್ಣತಮ್ಮಂದಿರು, ಓಡಿ ಬಂದು ಒಂದೊಂದು ತೋಳು ಹಿಡಿದು ಎಳೆದರು. ಸೋಮಿಲ ಚೀರಿದ. ತೋಳು ಬರುವಂತಿತ್ತು, ಕಾಲು ಬರುವಂತಿರಲಿಲ್ಲ. ಎಳೆಯಬೇಡಿ ಎಂದು ಕೇತ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಕೇತನ ಮಾತು ಕೇಳಿ ಕೆಟ್ಟವರೇ ಅವರು, ಈಗೇಕೆ ಕೇಳುತ್ತಾರೆ. ಆಗ ಅವನು, ಗುರುಗಳು ಹಗ್ಗ ಕೊಡುತ್ತಿದ್ದಾರೆ, ಇಬ್ಬರೂ ಬರಬೇಕಂತೆ ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ. ಇಬ್ಬರೂ ಓಡಿದರು.

ಈಗ ಉಳಿದದ್ದು ಸೋಮಿಲ, ಕೇತ, ಬರುತ್ತಿರುವ ನೀರು.

ನೀರು ಸೊಂಟ ಮುಟ್ಟಿತು. ಸೋಮಿಲ ಕೈಕಾಲು ಬಡಿದ. ಬಡಿದಷ್ಟೂ ಇಳಿದ. ಬಡಿದು ಸಾಕಾಗಿ, ಹೆದರಿ, ಅಭ್ಯಾಸಬಲದಿಂದ ಬಾಯಲ್ಲಿ "ಮೇತಿಸ್" ಎಂದ.

ಅವನ ಎಡಗಾಲಿನ ಪಕ್ಕದಲ್ಲಿ ಒಂದು ಗುಳ್ಳೆ ಎದ್ದಿತು.

ಕೇತ ಆ ಗುಳ್ಳೆಯನ್ನು ನೋಡಿದ. ಹೆಬ್ಬೆರಳು ಆಡಿದೆ. ಆಡಿದ ಸಂದಿಗೆ ನೀರು ಇಳಿದು ಕೆಸರು ಸಡಿಲವಾಗಿದೆ. ಅಷ್ಟೇ ಅಷ್ಟು.

ಹಲಗೆಯ ಮೇಲಿನ ಚಿಪ್ಪನ್ನೆಲ್ಲ ಚೆಲ್ಲಿ, ಅದರ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಸೋಮಿಲನ ಬೆನ್ನ ಹಿಂದಕ್ಕೆ ಜಾರಿಕೊಂಡು ಬಂದ. ದನಿಯನ್ನು ಬೇಕೆಂದೇ ಸೋಮಾರಿಯಂತೆ ಎಳೆದ.

"ಮಾರಾಯ, ಸಂಜೆ ಮಾವ ಬರ್ತಾನೆ. ಗುರುಗಳು ಕೊನೆಗೆ ರೂಪವಾದರೂ ಹೇಳು ಅಂತಾರೆ. ಒಂದು ಸಲ ಕೇಳಿಸಿಕೋ. ಪ್ರಥಮಾ, ಮೇತಾ."

ಸೋಮಿಲ ಅಳುತ್ತಿದ್ದವನು ಕತ್ತು ತಿರುಗಿಸಿದ. "ಏನಂದೆ?"

"ಮೇತಾ. ದ್ವಿತೀಯಾ, ಮೇತಿಮ್."

"ಮೇತಿಸ್. ಮೇತಿನ್. ನಾನು ಸಾಯ್ತಾ ಇದ್ದೇನೆ, ನಿನಗೆ..."

"ತೃತೀಯಾ, ಮೇತಿಸೇನ."

ಸೋಮಿಲನ ಮುಖ ಕೆಂಪಾಯಿತು. "ಮೇತಿಸೇನ ಅಂತ ಇಲ್ಲ. ಇಲ್ಲವೇ ಇಲ್ಲ. ತೃತೀಯೆಯ ಮನೆ ಖಾಲಿ, ಆ ಕೆಲಸವನ್ನೂ ಚತುರ್ಥಿಯೇ ಮಾಡುತ್ತೆ."

"ಹಾಗಾದರೆ ಚತುರ್ಥೀ, ಮೇತಿಸಾಯ."

"ಮೇತೀ. ದೀರ್ಘ. ಮೊದಲಿಂದ ಹೇಳು, ಕತ್ತೆ."

ಗುಳ್ಳೆಗಳು ಎದ್ದವು. ಎಡಗಡೆ ಒಂದು, ಬಲಗಡೆ ಒಂದು.

"ನಿಂತುಕೊಂಡು ತಿದ್ದಿದರೆ ನನಗೆ ತಲೆಗೆ ಹೋಗಲ್ಲ ಕಣೋ. ಪಂಡಿತರು ಒರಗಿಕೊಂಡೇ ತಿದ್ದೋದು. ಹಲಗೆಗೆ ಒರಗು."

ಸೋಮಿಲ ಒರಗಿದ. ಸಿಟ್ಟಿನಲ್ಲಿ ತಾನು ಒರಗಿದ್ದೂ ಅವನಿಗೆ ಗೊತ್ತಾಗಲಿಲ್ಲ. ಕೇತ ಮೊದಲಿನಿಂದ ಹೇಳಿದ, ಮೊದಲಿನಿಂದ ಕೆಡಿಸಿದ. ಪಂಚಮಿಯ ಖಾಲಿ ಮನೆಯಲ್ಲಿ ಮೇತಿಸಾತ್ ಎಂಬುದನ್ನು ತಂದು ಕೂರಿಸಿದ. ಷಷ್ಠಿಗೆ ಮೇತಿಸಪ್ಪನ ಎಂದ. ಮೇತಿಯೋಸ್, ಮೇತಿಯೋಸ್ ಎಂದು ಸೋಮಿಲ ಒದರಿದ. ಸಪ್ತಮಿಗೆ ಮೇತಿಸಮ್ಮನಲ್ಲಿ ಎಂದ. ಅದೂ ಖಾಲಿ ಮನೆ. ಸೋಮಿಲ ಹಲ್ಲು ಕಡಿದ. ಒಂದೊಂದು ತಿದ್ದುವಿಕೆಗೂ ಹೆಬ್ಬೆರಳು ಕೆಸರಿನ ಆಳದಲ್ಲಿ ತಾಳ ಹಾಕುತ್ತಿತ್ತು. ಒಂದೊಂದು ತಾಳಕ್ಕೂ ಕೂದಲೆಳೆಯಷ್ಟು ನೀರು ಒಳಗಿಳಿಯುತ್ತಿತ್ತು.

ನೀರು ಎದೆಗೆ ಬಂತು. ಇದು ಸುಳ್ಳಾದರೆ, ಎಂದು ಕೇತನಿಗೆ ಒಂದು ಕ್ಷಣ ಹೊಳೆಯಿತು. ಓಡಿಹೋಗಬೇಕೆನಿಸಿತು, ಎಳೆಯಬೇಕೆನಿಸಿತು, ಅಮ್ಮಾ ಎಂದು ಕೂಗಬೇಕೆನಿಸಿತು. ಯಾವುದನ್ನೂ ಮಾಡಲಿಲ್ಲ. ಹಲಗೆಯನ್ನು ಬಿಗಿಯಾಗಿ ಹಿಡಿದುಕೊಂಡು, "ಸಂಬೋಧನೆ," ಎಂದ, "ಎಲೈ ಮೇತಿಸಕ್ಕಾ."

"ಮೇತಿ," ಎಂದು ಸೋಮಿಲ ಗರ್ಜಿಸಿದ. ಬರೀ ಹೆಬ್ಬೆರಳು ಸಾಲದೆ ಇಡೀ ಪಾದ ಆಡಿತು. ಕೆಸರು ಹಳೆಯ ಜಿಪುಣನಂತೆ ಗೊಣಗಿ ಎಡಗಾಲನ್ನು ಬಿಟ್ಟಿತು. ಸ್ವಲ್ಪ ಹೊತ್ತಿಗೆ ಬಲಗಾಲನ್ನೂ ಬಿಟ್ಟಿತು. ಭರತದ ನೀರು ಇಬ್ಬರನ್ನೂ ಹಲಗೆಯ ಸಮೇತ ಎತ್ತಿ, ದಂಡೆಯ ಕಡೆಗೆ ತೇಲಿಸಿಕೊಂಡು ಹೋಯಿತು. ಹೋಗುವ ದಾರಿಯುದ್ದಕ್ಕೂ ಸೋಮಿಲ ಬೈಯುತ್ತಲೇ ಇದ್ದ.

ಸಂಜೆ ಮಾವ ಬಂದು ಜಗಲಿಯ ಮೇಲೆ ಕೂತ. ಕೇತ ಗಂಟು ಕಟ್ಟಿಕೊಂಡು ಬಂದು ಗುರುಗಳ ಮುಂದೆ ನಿಂತ. ಗಂಟಿನಲ್ಲಿ ಒಂದು ಪಂಚೆ, ಮತ್ತೆ ಯಾರದ್ದೋ ಕದ್ದ ಒಂದು ಮಾವಿನ ಮಿಡಿ ಇತ್ತು.

"ಅರ್ಥ ಸಿಕ್ಕಿತೇ?" ಎಂದರು ಗುರುಗಳು.

"ಇಲ್ಲ ಗುರುಗಳೇ. ಹುಡುಕುವುದಕ್ಕೆ ಇವತ್ತು ಪುರುಸೊತ್ತೇ ಆಗಲಿಲ್ಲ."

ಅಷ್ಟರಲ್ಲಿ ಸೋಮಿಲ ಮುಂದೆ ಬಂದ. ಮೈಯ ಕೆಸರು ಇನ್ನೂ ಪೂರ್ತಿ ಹೋಗಿರಲಿಲ್ಲ, ಸಿಟ್ಟೂ ಹೋಗಿರಲಿಲ್ಲ. ತಾನು ಬದುಕಿ ಬಂದದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಮುಖ್ಯವಾದ ದೂರಿಗೆ ಬಂದ. ಇವನಿಗೆ ಆ ಪದದ ಒಂದು ರೂಪವೂ ಬರುವುದಿಲ್ಲ. ಎಷ್ಟು ಸಲ ತಿದ್ದಿದರೂ ಮತ್ತೆ ಅದೇ ತಪ್ಪು. ಇಂಥವನಿಗೆ ಯಾಕಾದರೂ ಯವನರ ಪದ ಕೊಟ್ಟಿರೋ.

"ಯಾವ ಯಾವ ರೂಪ ತಪ್ಪಿದ?"

"ಎಲ್ಲವೂ. ಎಂಟೂ. ಪ್ರತಿ ಸಲವೂ."

ಗುರುಗಳು ಕೇತನ ಕಡೆ ತಿರುಗಿ ನೋಡಿದರು.

"ಗೊತ್ತಿಲ್ಲದವನಿಗೆ ಅಪ್ಪಿತಪ್ಪಿಯಾದರೂ ಒಂದು ಸರಿ ಬೀಳಬೇಕಲ್ಲ ಸೋಮಿಲ."

ಸೋಮಿಲ ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡ. ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡ. ಮೆಲ್ಲಗೆ ಅವನ ಮುಖದ ಮೇಲೆ ಏನೋ ಮೂಡಿತು. ಕೇತನ ಹತ್ತಿರ ಹೋಗಿ, ಅವನ ಕೈಯ ಗಂಟನ್ನು ಕಿತ್ತುಕೊಂಡು, ಅದರ ಮೇಲೆ ಕೂತುಬಿಟ್ಟ. ನೀನು ಮೋಸಗಾರ ಎಂದ.

ಒಳಗೆ ಮಾವಿನ ಮಿಡಿ ಇದೆ, ಮೆಲ್ಲಗೆ ಕೂರು ಎಂದ ಕೇತ.

ಮಾವನಿಗೆ ಇದೊಂದೂ ಅರ್ಥವಾಗಲಿಲ್ಲ. ನಾಳೆ ಬೆಳಿಗ್ಗೆ ಆಗರಕ್ಕೆ ನೀರು ಬಿಡಬೇಕು, ಹುಡುಗ ಬರುತ್ತಾನೋ ಇಲ್ಲವೋ ಅಷ್ಟು ಹೇಳಿದರೆ ತಾನು ಕತ್ತಲಾಗುವ ಮುಂಚೆ ಹೊಳೆ ದಾಟುತ್ತೇನೆ ಎಂದ.

ಕೇತ ಗುರುಗಳ ಕಡೆ ತಿರುಗಿದ.

"ಹಾಗಾದರೆ ಗುರುಗಳೇ, ಆ ಪದದ ಅರ್ಥ ಇದೇನೋ? ನೀವು ಅಂದು ಹೇಳಿದ್ದು, ಬಲ ಕಡಿಮೆಯಿದ್ದವನು ಅಳೆದು ಗೆಲ್ಲುವುದು ಅಂತ?"

"ನನಗೆ ಕಲಿಸಿದ ಯವನ ಪೂರ್ತಿ ಹೇಳುವ ಮೊದಲೇ ಗಾಳಿ ತಿರುಗಿ ಅವನ ಹಡಗು ಹೊರಟಿತು ಮಗು, ಆ ಕೊನೆಯ ಮಾತನ್ನು ನಾನೇ ಕಟ್ಟಿ ಸೇರಿಸಿದೆ. ನಾಳೆ ಬೆಳಿಗ್ಗೆ ನೀನೂ ನಾನೂ ಕೂತು ತಿದ್ದೋಣ."